ನೋಡಿದವರು, ಬರೆದಿಟ್ಟವರು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಪ್ರಪಂಚದ ಪ್ರಸಿದ್ಧ ಖಗೋಳ ವಿಜ್ಞಾನಿಗಳ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಗೆಲಿಲಿಯೋ, ನ್ಯೂಟನ್, ಆರ್ಯಭಟ ಎಂದು ಹೆಸರು, ಇಸವಿ ಒಪ್ಪಿಸುತ್ತಾ ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧವನ್ನೂ ಮುಗಿಸಲಾರೆ. ಆ ಪಟ್ಟಿ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಹಾಗಾಗಿ ಕೆಲವರನ್ನು ಮಾತ್ರ ಆರಿಸಿಕೊಂಡಿದ್ದೇನೆ. ಅವರಲ್ಲಿ ನಮ್ಮ ಕನ್ನಡ ನಾಡಿನವರು, ನಮ್ಮ ನಾಡಿಗೆ ಬಂದು ಹೋದವರು ಹೆಚ್ಚು. ಅವರೆಲ್ಲರಿಗೂ ಸಮಾನವಾದ ಒಂದು ಗುಣವನ್ನು ತೋರಿಸಿ ಮಾತು ಮುಗಿಸುತ್ತೇನೆ. ಆ ಗುಣ ದೊಡ್ಡ ದುರ್ಬೀನಲ್ಲ, ವಿದೇಶದ ಡಿಗ್ರಿಯೂ ಅಲ್ಲ. ಅವರು ಕಂಡದ್ದನ್ನು ಕಂಡ ಹಾಗೆ, ದಿನ ಹಾಕಿ ಬರೆದಿಟ್ಟರು. ಅಷ್ಟೇ.

ಇದು ನಮಗೆ ಹೊಸದೇನಲ್ಲ. ನಮ್ಮ ಕಾಫಿ ತೋಟಗಳಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಲೆಕ್ಕ ಬರೆಯುವ ಪದ್ಧತಿ ಬಹಳ ಹಿಂದಿನದು. 'ನಿಮ್ಮಲ್ಲಿ ನಿನ್ನೆ ಎಷ್ಟಾಯ್ತು?' ಎಂದರೆ 'ಒಂದಿಂಚು ಇಪ್ಪತ್ತು ಸೆಂಟ್ಸ್' ಎಂದು ತಕ್ಷಣ ಉತ್ತರ ಬರುತ್ತದೆ. ಹೂಮಳೆ ಯಾವ ದಿನ ಬಿತ್ತು, ಅದಾಗಿ ಎಷ್ಟು ದಿನಕ್ಕೆ ಎರಡನೇ ಮಳೆ ಬಂತು ಎಂಬುದು ಆ ಪುಸ್ತಕದಲ್ಲಿ ಇರುತ್ತದೆ. ತೋಟದವರು ಯಾರೂ ಅದನ್ನು ವಿಜ್ಞಾನ ಎಂದು ಕರೆಯುವುದಿಲ್ಲ. ಆದರೆ ವಿಜ್ಞಾನ ಶುರುವಾಗುವುದೇ ಅಲ್ಲಿಂದ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಈ ಸಭೆಯಲ್ಲಿರುವ ಹಿರಿಯರಲ್ಲಿ ಎಷ್ಟು ಜನರ ಜನ್ಮದಿನ ಶಾಲೆಯ ದಾಖಲೆ ಪ್ರಕಾರ ಮೇ ತಿಂಗಳೋ ಜೂನ್ ಒಂದೋ ಆಗಿದೆ, ನೀವೇ ನೋಡಿಕೊಳ್ಳಿ. ಮಗುವನ್ನು ಸೇರಿಸಲು ಬಂದ ಅಜ್ಜಿ 'ಆರಿದ್ರಾ ಮಳೆ ಜೋರಾಗಿದ್ದಾಗ ಹುಟ್ಟಿದ್ದು ಸ್ವಾಮಿ, ವರ್ಷ ಗೊತ್ತಿಲ್ಲ' ಎನ್ನುತ್ತಿದ್ದರು. ಮೇಷ್ಟ್ರು ಮಗುವಿನ ಎತ್ತರ ನೋಡಿ ಒಂದು ತಾರೀಖು ಬರೆಯುತ್ತಿದ್ದರು. ಅಜ್ಜಿ ಹೇಳಿದ್ದು ಸುಳ್ಳಲ್ಲ. ಸೂರ್ಯ ಆರಿದ್ರಾ ನಕ್ಷತ್ರದಲ್ಲಿದ್ದ ಎಂಬುದು ಸರಿಯಾದ ಖಗೋಳ ಮಾಹಿತಿಯೇ. ವರ್ಷ ಬರೆದಿಟ್ಟಿರಲಿಲ್ಲ, ಅದೊಂದೇ ಕೊರತೆ.

ನಮ್ಮ ಮಳೆಗಳ ಹೆಸರನ್ನೇ ನೋಡಿ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ. ಸೂರ್ಯ ಒಂದೊಂದು ನಕ್ಷತ್ರದ ಭಾಗವನ್ನು ದಾಟಲು ಹದಿಮೂರು ಹದಿನಾಲ್ಕು ದಿನ ತೆಗೆದುಕೊಳ್ಳುತ್ತಾನೆ. ಆ ಅವಧಿಯಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಸೂರ್ಯನಿರುವ ನಕ್ಷತ್ರ ಅವನ ಬೆಳಕಿನಲ್ಲಿ ಮುಳುಗಿ ಕಣ್ಣಿಗೆ ಕಾಣುವುದಿಲ್ಲ. ಕಾಣದ ನಕ್ಷತ್ರದಲ್ಲಿ ಸೂರ್ಯನಿದ್ದಾನೆ ಎಂದು ಲೆಕ್ಕ ಹಾಕಿ ಹೇಳಿದವರು ಯಾರು? ನೂರಾರು ವರ್ಷ ಸಂಜೆ, ಬೆಳಗಿನ ಜಾವ ಆಕಾಶ ನೋಡಿ ಗುರುತು ಹಾಕಿಕೊಂಡವರು. ಗದ್ದೆ ಅಂಚಿನಲ್ಲಿ ನಿಂತು 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎನ್ನುವ ರೈತ ಆ ಲೆಕ್ಕದ ವಾರಸುದಾರ.

ಈಗ ಅದೇ ನಕ್ಷತ್ರಗಳಲ್ಲಿ ಒಂದರ ಕಥೆ ಕೇಳಿ. ಸೆಪ್ಟೆಂಬರ್ ಮುಗಿದ ಮೇಲೆ ಬರುವ ಚಿತ್ತೆ ಮಳೆ ನಿಮಗೆ ಗೊತ್ತು. ಆ ಚಿತ್ತಾ ನಕ್ಷತ್ರವನ್ನು ಪಶ್ಚಿಮದವರು ಸ್ಪೈಕಾ ಎನ್ನುತ್ತಾರೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಲೆಕ್ಸಾಂಡ್ರಿಯಾದಲ್ಲಿ ಟಿಮೋಖಾರಿಸ್ ಎಂಬಾತ ಅದರ ಸ್ಥಾನವನ್ನು ಅಳೆದು ಬರೆದಿಟ್ಟ. ಸುಮಾರು ನೂರೈವತ್ತು ವರ್ಷ ಕಳೆದ ಮೇಲೆ ಹಿಪಾರ್ಕಸ್ ಎಂಬ ಗ್ರೀಕ್ ಖಗೋಳ ವಿಜ್ಞಾನಿ ತಾನೂ ಅಳೆದು, ಹಳೆಯ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿದ. ವಿಷುವ ಬಿಂದುವಿಗೂ ಚಿತ್ತೆಗೂ ಇದ್ದ ಅಂತರ ಎಂಟು ಡಿಗ್ರಿಯಿಂದ ಆರು ಡಿಗ್ರಿಗೆ ಇಳಿದಿತ್ತು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತಿರುಗುತ್ತಿದೆ ಎಂದು ನಾವು ಇಂದು ಹೇಳುವ ಚಲನೆ ಮೊದಲು ತಿಳಿದದ್ದು ಹೀಗೆ. ಒಬ್ಬ ಮನುಷ್ಯನ ಆಯಸ್ಸಿನಲ್ಲಿ ಕಣ್ಣಿಗೆ ಕಾಣುವ ಚಲನೆ ಅಲ್ಲ ಅದು. ಒಬ್ಬ ಬರೆದಿಟ್ಟ, ಇನ್ನೊಬ್ಬ ಹುಡುಕಿ ಓದಿದ. ಇಬ್ಬರೂ ಬೇಕಾಗಿದ್ದರು.

ಈ ಚಲನೆ ನಮ್ಮ ಗದ್ದೆಯವರೆಗೂ ಬಂದಿದೆ. ನಮ್ಮ ಪಂಚಾಂಗದ ಮಳೆ ನಕ್ಷತ್ರಗಳು ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತಿವೆ. ಸುಮಾರು 1700 ವರ್ಷಗಳ ಹಿಂದೆ ಮಕರ ಸಂಕ್ರಾಂತಿಯೂ ಸೂರ್ಯ ಉತ್ತರಕ್ಕೆ ತಿರುಗುವ ದಿನವೂ ಒಂದೇ ಆಗಿದ್ದವು. ಈಗ ಸೂರ್ಯ ಡಿಸೆಂಬರ್ 21 ಅಥವಾ 22ಕ್ಕೇ ತಿರುಗುತ್ತಾನೆ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ಸ್ವಾತಂತ್ರ್ಯ ಬಂದ ಮೇಲೆ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ ಇದನ್ನೆಲ್ಲ ಪರಿಶೀಲಿಸಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು.

ಇನ್ನು ನಮ್ಮ ಕಲ್ಲುಗಳ ಕಡೆ ಬರೋಣ. ನಮ್ಮ ಜಿಲ್ಲೆಯಲ್ಲಿ ದೇವಸ್ಥಾನದ ಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಹೊಲದ ನಡುವೆ ಶಾಸನದ ಕಲ್ಲುಗಳಿವೆ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಐದನೇ ಸಂಪುಟವಾಗಿ ಹೊರತಂದರು. ಆಗ ನಮ್ಮ ಸಕಲೇಶಪುರ ತಾಲ್ಲೂಕಿಗೆ ಮಂಜರಾಬಾದ್ ತಾಲ್ಲೂಕು ಎಂದು ಹೆಸರು. ಕನ್ನಡ ಶಾಸನಗಳಲ್ಲಿ ದಾನ ಕೊಟ್ಟದ್ದನ್ನು ಹೇಳುವಾಗ ಶಕವರ್ಷ, ಸಂವತ್ಸರ, ತಿಥಿ, ವಾರ, ಜೊತೆಗೆ ಸೂರ್ಯಗ್ರಹಣವೋ ಸೋಮಗ್ರಹಣವೋ ಸಂಕ್ರಮಣವೋ ಎಂದು ಕೆತ್ತುವುದು ರೂಢಿ. ಪಟ್ಟದಕಲ್ಲಿನಲ್ಲಿ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬ ಶಾಸನವೊಂದು ಸೂರ್ಯಗ್ರಹಣವನ್ನು ಹೇಳುತ್ತದೆ. ಅದು ಕ್ರಿ.ಶ. 754ರ ಜೂನ್ 25ರ ಗ್ರಹಣ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ದಾನ ಕೊಟ್ಟವನಿಗೆ ಪುಣ್ಯ ಬೇಕಿತ್ತು, ಪಡೆದವನಿಗೆ ದಾಖಲೆ ಬೇಕಿತ್ತು. ಇಬ್ಬರಿಗೂ ಗೊತ್ತಿಲ್ಲದೆ ಆಕಾಶದ ಲೆಕ್ಕವೊಂದು ನಮಗೆ ಉಳಿಯಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಕೆಲಸ ಮಾಡಿದ ಖಗೋಳ ವಿಜ್ಞಾನಿ ಬಿ. ಎಸ್. ಶೈಲಜಾ ಅವರು ಇಂಥ ಶಾಸನಗಳಲ್ಲಿರುವ ಗ್ರಹಣ, ಗ್ರಹಕೂಟಗಳನ್ನು ಹುಡುಕಿ ಅಭ್ಯಾಸ ಮಾಡಿದ್ದಾರೆ.

ಹಳೆಯ ಗ್ರಹಣದ ದಾಖಲೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಬ್ಯಾಬಿಲೋನಿನವರು ಕ್ರಿ.ಪೂ. 136ರ ಏಪ್ರಿಲ್ 15ರಂದು ನಡೆದ ಪೂರ್ಣ ಸೂರ್ಯಗ್ರಹಣವನ್ನು ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟರು. ಭೂಮಿ ಅಂದಿನಿಂದ ಇಂದಿನವರೆಗೆ ಒಂದೇ ವೇಗದಲ್ಲಿ ತಿರುಗುತ್ತಿದೆ ಎಂದು ಹಿಂದಕ್ಕೆ ಲೆಕ್ಕ ಹಾಕಿದರೆ, ಆ ಗ್ರಹಣದ ನೆರಳು ಬ್ಯಾಬಿಲೋನಿಗಿಂತ 48 ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ ಬೀಳಬೇಕಿತ್ತು. ಆದರೆ ಬ್ಯಾಬಿಲೋನಿನಲ್ಲೇ ಕತ್ತಲಾಯಿತು ಎಂದು ಆ ಹಲಗೆ ಹೇಳುತ್ತದೆ. ಅಂದರೆ ಭೂಮಿಯ ತಿರುಗುವ ವೇಗ ಕಡಿಮೆಯಾಗುತ್ತಾ ಬಂದಿದೆ. ಚಂದ್ರನಿಂದ ಆಗುವ ಸಮುದ್ರದ ಉಬ್ಬರವಿಳಿತವೇ ಇದಕ್ಕೆ ಮುಖ್ಯ ಕಾರಣ. ನೂರು ವರ್ಷಕ್ಕೆ ಒಂದು ದಿನದ ಉದ್ದ ಸೆಕೆಂಡಿನ ಸಾವಿರದ ಎರಡು ಭಾಗದಷ್ಟೂ ಹೆಚ್ಚುವುದಿಲ್ಲ. ಅಷ್ಟು ಸಣ್ಣ ಬದಲಾವಣೆಗೆ ಎರಡು ಸಾವಿರ ವರ್ಷ ಹಳೆಯ ಮಣ್ಣಿನ ಹಲಗೆ ಸಾಕ್ಷಿ ನುಡಿಯಿತು.

ದುರ್ಬೀನು ಇಲ್ಲದ ಕಾಲದ ಇನ್ನೊಬ್ಬರ ಹೆಸರು ಹೇಳಲೇಬೇಕು. ಡೆನ್ಮಾರ್ಕಿನ ಟೈಕೋ ಬ್ರಾಹೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬರಿಗಣ್ಣಿನಿಂದಲೇ ಗ್ರಹಗಳ ಸ್ಥಾನವನ್ನು ಅಳೆದು ಬರೆದ. 1601ರಲ್ಲಿ ಆತ ತೀರಿಕೊಂಡ ಮೇಲೆ ಆ ಪುಸ್ತಕಗಳು ಕೆಪ್ಲರ್ ಕೈಗೆ ಬಂದವು. ಮಂಗಳ ಗ್ರಹ ವೃತ್ತದಲ್ಲಿ ಸುತ್ತುತ್ತದೆ ಎಂದು ಕೆಪ್ಲರ್ ಹಾಕಿದ ಲೆಕ್ಕಕ್ಕೂ ಟೈಕೋ ಅಳತೆಗೂ ಎಂಟು ಕಲೆಯಷ್ಟು ವ್ಯತ್ಯಾಸ ಬಂತು. ಎಂಟು ಕಲೆ ಎಂದರೆ ನಮಗೆ ಕಾಣುವ ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ. ಬೇರೆಯವರಾಗಿದ್ದರೆ 'ಬಿಡಿ, ಸ್ವಲ್ಪ ಹೆಚ್ಚುಕಡಿಮೆ' ಎನ್ನುತ್ತಿದ್ದರು. ಟೈಕೋ ಅಷ್ಟು ದೊಡ್ಡ ತಪ್ಪು ಮಾಡುವವನಲ್ಲ ಎಂದು ನಂಬಿದ ಕೆಪ್ಲರ್ ಎರಡು ಸಾವಿರ ವರ್ಷದ ವೃತ್ತದ ನಂಬಿಕೆಯನ್ನೇ ಕೈಬಿಟ್ಟ. ಗ್ರಹಗಳ ಪಥ ದೀರ್ಘವೃತ್ತ ಎಂದು 1609ರಲ್ಲಿ ಪ್ರಕಟಿಸಿದ. ಒಬ್ಬನ ಪ್ರಾಮಾಣಿಕ ಅಳತೆಯ ಮೇಲೆ ಇನ್ನೊಬ್ಬ ಎಷ್ಟು ಭಾರ ಹೊರಿಸಬಹುದು, ನೋಡಿ.

ಇನ್ನು ನಮ್ಮ ನಾಡು. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ಭಾರತವನ್ನು ಹಾಯ್ದು ಹೋಯಿತು. ಅದನ್ನು ನೋಡಲು ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಗೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬಂದಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಅವರು. ಗ್ರಹಣದ ಹೊತ್ತಿನಲ್ಲಿ ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳ ಬೆಳಕನ್ನು ಅವರು ಜಮಖಂಡಿಯಲ್ಲಿ, ಫ್ರಾನ್ಸಿನ ಜಾನ್ಸನ್ ಗುಂಟೂರಿನಲ್ಲಿ ಒಡೆದು ನೋಡಿದರು. ಬಿಡಿಬಿಡಿಯಾದ ಹೊಳೆಯುವ ಗೆರೆಗಳು ಕಂಡವು. ಅಂದರೆ ಆ ಜ್ವಾಲೆಗಳು ಉರಿಯುವ ಅನಿಲ ಎಂದು ಖಚಿತವಾಯಿತು. ಅಲ್ಲಿ ಕಂಡ ಹಳದಿ ಗೆರೆ ಭೂಮಿಯ ಮೇಲೆ ಗೊತ್ತಿದ್ದ ಯಾವ ವಸ್ತುವಿನದೂ ಅಲ್ಲ ಎಂಬುದು ಮುಂದಿನ ಅಭ್ಯಾಸದಿಂದ ತಿಳಿಯಿತು. ಗ್ರೀಕರ ಸೂರ್ಯ ಹೀಲಿಯೋಸ್ ಹೆಸರಿನಿಂದ ಅದನ್ನು ಹೀಲಿಯಂ ಎಂದು ಕರೆದರು. ರಾಮ್ಸೆ ಅದನ್ನು ಭೂಮಿಯ ಮೇಲೆ ಕಂಡದ್ದು 1895ರಲ್ಲಿ. ಸೂರ್ಯನಲ್ಲಿ ಮೊದಲು ಸಿಕ್ಕಿ ಆಮೇಲೆ ಭೂಮಿಯಲ್ಲಿ ಸಿಕ್ಕ ಮೂಲವಸ್ತು ಅದು. ಆ ಕಥೆಯಲ್ಲಿ ನಮ್ಮ ಜಮಖಂಡಿಗೂ ಒಂದು ಸಾಲು ಇದೆ.

ಅದೇ ಗ್ರಹಣವನ್ನು ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ವನಪರ್ತಿಯಲ್ಲಿ ನಿಂತು ನೋಡಿದರು. ಬೆಳಕು ಹೆಚ್ಚುಕಡಿಮೆಯಾಗುವ ಒಂದು ನಕ್ಷತ್ರವನ್ನು ಅವರು 1867ರಲ್ಲಿ ಗುರುತಿಸಿದ್ದರು. 1874ರ ಡಿಸೆಂಬರ್‌ನಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವ ಅಪರೂಪದ ಸಂಗತಿ ನಡೆಯಲಿತ್ತು. ಜನ ಹೆದರದೆ ಅದನ್ನು ನೋಡಲಿ, ತಿಳಿಯಲಿ ಎಂದು ಅವರು ಪುಸ್ತಿಕೆ ಬರೆದರು. ಅದು ಕನ್ನಡದಲ್ಲೂ ಬಂತು. ನೂರೈವತ್ತು ವರ್ಷದ ಹಿಂದೆಯೇ ಒಬ್ಬ ವಿಜ್ಞಾನಿ ನಮ್ಮ ಭಾಷೆಯ ಓದುಗರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು ಎಂಬುದನ್ನು ಮರೆಯಬಾರದು. ವಿಜ್ಞಾನ ಕನ್ನಡದಲ್ಲಿ ಬರುವುದಿಲ್ಲ ಎಂದು ಹೇಳುವವರಿಗೆ ಇದೊಂದು ಉತ್ತರ.

ಈಗ ನಾನು ಈ ಭಾಷಣ ಒಪ್ಪಿಕೊಂಡದ್ದೇ ಯಾರ ಹೆಸರು ಹೇಳಲಿಕ್ಕಾಗಿ, ಅವರ ವಿಷಯಕ್ಕೆ ಬರುತ್ತೇನೆ. ಅವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಹೆಸರು ವೆಂಕಟೇಶ ಬಾಪೂಜಿ ಕೇತಕರ. 1854ರಲ್ಲಿ ನರಗುಂದದಲ್ಲಿ ಹುಟ್ಟಿದರು. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದರು, ಬಾಗಲಕೋಟೆಯ ಇಂಗ್ಲಿಷ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಪಾಠ ಮುಗಿದ ಮೇಲೆ ಪಂಚಾಂಗದ ಗಣಿತವನ್ನು ಹಿಡಿದು ಕೂರುತ್ತಿದ್ದರು. ನಮ್ಮ ಹಳೆಯ ಸಿದ್ಧಾಂತ ಗ್ರಂಥಗಳ ಪದ್ಧತಿಯನ್ನು ಬಿಡದೆ, ಯುರೋಪಿನ ಹೊಸ ಅಳತೆಗಳನ್ನು ಅದರೊಳಗೆ ತಂದು, 'ಜ್ಯೋತಿರ್ಗಣಿತ' ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ಪಂಚಾಂಗ ಹೇಳುವ ಹೊತ್ತಿಗೂ ಗ್ರಹಣ ಹಿಡಿಯುವ ಹೊತ್ತಿಗೂ ತಾಳೆಯಾಗಬೇಕು ಎಂಬುದು ಅವರ ಹಟ.

1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಅವರದೊಂದು ಲೇಖನ ಪ್ರಕಟವಾಯಿತು. ಗುರುಗ್ರಹದ ಮೂರು ಉಪಗ್ರಹಗಳು ಸುತ್ತುವ ಕಾಲಗಳ ನಡುವೆ ಒಂದು ಹೊಂದಾಣಿಕೆ ಇದೆ, ಅದನ್ನು ಲಾಪ್ಲಾಸ್ ಎಂಬ ಗಣಿತಜ್ಞ ತೋರಿಸಿದ್ದರು. ಅದೇ ಬಗೆಯ ಹೊಂದಾಣಿಕೆಯನ್ನು ದೂರದ ಗ್ರಹಗಳಿಗೂ ಅನ್ವಯಿಸಿ, ನೆಪ್ಚೂನಿನ ಆಚೆ ಇನ್ನೂ ಎರಡು ಗ್ರಹಗಳಿರಬೇಕು ಎಂದು ಕೇತಕರ ಸೂಚಿಸಿದರು. ಅವಕ್ಕೆ ಬ್ರಹ್ಮ, ವಿಷ್ಣು ಎಂದು ಹೆಸರಿಟ್ಟರು. ಸೂರ್ಯನಿಂದ ಭೂಮಿಗೆ ಇರುವ ದೂರವನ್ನು ಒಂದು ಎಂದು ಇಟ್ಟುಕೊಂಡರೆ ಬ್ರಹ್ಮನ ದೂರ 38.95, ಒಂದು ಸುತ್ತಿಗೆ 242 ವರ್ಷ ಎಂದು ಲೆಕ್ಕ ಕೊಟ್ಟರು. ಹತ್ತೊಂಬತ್ತು ವರ್ಷದ ನಂತರ, 1930ರ ಫೆಬ್ರವರಿ 18ರಂದು, ಅಮೆರಿಕದಲ್ಲಿ ಪ್ಲೂಟೋ ಪತ್ತೆಯಾಯಿತು. ಅದರ ಸರಾಸರಿ ದೂರ 39.5, ಸುತ್ತುವ ಕಾಲ 248 ವರ್ಷ. ಅದೇ ವರ್ಷದ ಆಗಸ್ಟ್‌ನಲ್ಲಿ ಕೇತಕರ ತೀರಿಕೊಂಡರು.

ಇಲ್ಲಿ ನಾವು ಅಭಿಮಾನದ ಜೊತೆಗೆ ಎಚ್ಚರವನ್ನೂ ಇಟ್ಟುಕೊಳ್ಳಬೇಕು. 'ಪ್ಲೂಟೋ ಕಂಡುಹಿಡಿದವರು ನಮ್ಮವರು' ಎಂದು ಹೇಳುವುದು ಸರಿಯಲ್ಲ. ಅದು ಆಕಾಶದ ಯಾವ ಭಾಗದಲ್ಲಿದೆ ಎಂದು ಕೇತಕರ ಹೇಳಿರಲಿಲ್ಲ. ಅವರು ಊಹಿಸಿದ ಹೊಂದಾಣಿಕೆಯೂ ನಿಜವಾದದ್ದಲ್ಲ ಎಂದು ಮುಂದೆ ತಿಳಿಯಿತು. ಎರಡನೇ ಗ್ರಹ ವಿಷ್ಣು ಸಿಗಲೇ ಇಲ್ಲ. ಹಾಗಿದ್ದೂ ನಾನು ಅವರನ್ನು ಏಕೆ ದೊಡ್ಡವರು ಎನ್ನುತ್ತೇನೆ? ಬಾಗಲಕೋಟೆಯಂಥ ಊರಿನಲ್ಲಿ ಪಾಠ ಮಾಡಿದ ಒಬ್ಬ ಶಾಲಾ ಶಿಕ್ಷಕ, ಸೌರವ್ಯೂಹದ ಅಂಚಿನ ಬಗ್ಗೆ ಯೋಚಿಸಲು ನನಗೂ ಹಕ್ಕಿದೆ ಎಂದುಕೊಂಡರು. ಬರೀ ಯೋಚಿಸಲಿಲ್ಲ, ಅಂಕಿ ಹಾಕಿ ಬರೆದರು. ಅಂಕಿ ಹಾಕಿ ಬರೆದದ್ದರಿಂದಲೇ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ನಾವು ಇಂದು ಹೇಳಲು ಸಾಧ್ಯವಾಗಿದೆ. ಅಂಕಿ ಇಲ್ಲದ ಭವಿಷ್ಯಕ್ಕೆ ಸೋಲುವ ಭಯವೂ ಇಲ್ಲ, ಗೆಲ್ಲುವ ಮಾನವೂ ಇಲ್ಲ.

ಪ್ಲೂಟೋವನ್ನು ಕಂಡ ಕ್ಲೈಡ್ ಟಾಂಬೋ ಯಾರು ಗೊತ್ತೇ? ಕಾನ್ಸಾಸ್ ರಾಜ್ಯದ ಒಬ್ಬ ರೈತನ ಮಗ. ಆಲಿಕಲ್ಲು ಮಳೆಗೆ ಬೆಳೆ ಹಾಳಾಗಿ ಕಾಲೇಜಿಗೆ ಹೋಗಲು ಆಗಲಿಲ್ಲ. ಹಳೆಯ ಯಂತ್ರಗಳ ಬಿಡಿಭಾಗ ಸೇರಿಸಿ ತಾನೇ ದುರ್ಬೀನು ಮಾಡಿಕೊಂಡು, ಕಂಡ ಗ್ರಹಗಳ ಚಿತ್ರ ಬರೆದು ಲೊವೆಲ್ ವೀಕ್ಷಣಾಲಯಕ್ಕೆ ಕಳಿಸಿದ. ಆ ಚಿತ್ರಗಳನ್ನು ನೋಡಿಯೇ ಅವನಿಗೆ ಕೆಲಸ ಕೊಟ್ಟರು. ಆಲಿಕಲ್ಲಿಗೆ ಬೆಳೆ ಕಳೆದುಕೊಳ್ಳುವುದು ಎಂದರೇನೆಂದು ಈ ಸಭೆಗೆ ನಾನು ವಿವರಿಸಬೇಕಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ಹೆನ್ರಿಯೆಟ್ಟಾ ಲೆವಿಟ್ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಫೋಟೋ ಗಾಜುಗಳ ಮೇಲಿನ ನಕ್ಷತ್ರಗಳ ಬೆಳಕನ್ನು ಅಳೆದು ಪಟ್ಟಿ ಮಾಡುವ ಕೆಲಸದಲ್ಲಿದ್ದರು. ಒಂದು ಜಾತಿಯ ನಕ್ಷತ್ರಗಳಲ್ಲಿ ಬೆಳಕು ಏರಿ ಇಳಿಯಲು ಹೆಚ್ಚು ದಿನ ಹಿಡಿದರೆ ಅವುಗಳ ನಿಜವಾದ ಪ್ರಕಾಶವೂ ಹೆಚ್ಚು ಎಂದು 1912ರಲ್ಲಿ ತೋರಿಸಿದರು. ನಿಜವಾದ ಪ್ರಕಾಶ ತಿಳಿದರೆ ದೂರ ತಿಳಿಯುತ್ತದೆ. ಆ ಅಳತೆಗೋಲನ್ನು ಹಿಡಿದೇ ಹಬಲ್, ಆಂಡ್ರೊಮೀಡಾ ಎಂಬುದು ನಮ್ಮ ಆಕಾಶಗಂಗೆಯ ಆಚೆ ಇರುವ ಇನ್ನೊಂದು ನಕ್ಷತ್ರಲೋಕ ಎಂದು ಸಾಧಿಸಿದರು. ವಿಶ್ವ ಇಷ್ಟು ದೊಡ್ಡದು ಎಂದು ನಮಗೆ ಗೊತ್ತಾದದ್ದರ ಹಿಂದೆ ಲೆಕ್ಕ ಬರೆಯುವ ಒಬ್ಬ ಹೆಣ್ಣುಮಗಳ ಪುಸ್ತಕವಿದೆ.

ನಮ್ಮ ಕಾಲಕ್ಕೆ ಬರೋಣ. ಉಡುಪಿ ರಾಮಚಂದ್ರ ರಾವ್, ಎಲ್ಲರೂ ಕರೆಯುವ ಯು. ಆರ್. ರಾವ್, 1932ರಲ್ಲಿ ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದವರು. ನಮ್ಮ ಘಟ್ಟದ ಕೆಳಗಿನ ಸೀಮೆಯವರು. ದೂರದ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿ. ಭಾರತದ ಮೊದಲ ಉಪಗ್ರಹ ಕಟ್ಟುವ ಹೊಣೆ ಅವರ ಮೇಲೆ ಬಿತ್ತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಅದನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಕ್ರಿ.ಶ. 499ರಲ್ಲಿ 'ಆರ್ಯಭಟೀಯ' ಬರೆದು, ಭೂಮಿಯೇ ತನ್ನ ಸುತ್ತ ತಿರುಗುತ್ತದೆ ಎಂದ ಆರ್ಯಭಟನ ಹೆಸರನ್ನೇ ಅದಕ್ಕೆ ಇಟ್ಟರು. ಆಕಾಶದ ಎಕ್ಸ್-ಕಿರಣಗಳನ್ನು ನೋಡುವ ಉಪಕರಣವೂ ಅದರಲ್ಲಿತ್ತು. ವಿದ್ಯುತ್ ತೊಂದರೆಯಿಂದ ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು. ಆದರೆ ಉಪಗ್ರಹ ಕಟ್ಟುವುದು ಹೇಗೆಂದು ದೇಶ ಕಲಿತಿತ್ತು. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಅದೇ ದಾರಿಯ ಮುಂದುವರಿಕೆ.

ನಮ್ಮ ಹಾಸನದಲ್ಲೇ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಗೌರಿಬಿದನೂರಿನ ಬಯಲಿನಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದಂತೆ ನಿಲ್ಲಿಸಿ, 1976ರಿಂದ ಸೂರ್ಯ ಮತ್ತು ಆಕಾಶಗಂಗೆಯ ರೇಡಿಯೋ ಅಲೆಗಳನ್ನು ಆಲಿಸಿದರು. ಲಡಾಖಿನ ಹಾನ್ಲೆಯಲ್ಲಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ದುರ್ಬೀನನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ತಿರುಗಿಸುತ್ತಾರೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಹೊರ ಪ್ರಭೆಯನ್ನು ನೋಡುವ ಉಪಕರಣ ತಯಾರಾದದ್ದೂ ಅದೇ ಹೊಸಕೋಟೆಯಲ್ಲಿ. ಅಂದು ಜಮಖಂಡಿಯಲ್ಲಿ ಕೆಲವೇ ನಿಮಿಷದ ಗ್ರಹಣಕ್ಕಾಗಿ ಕಾದು ನೋಡಿದ ಸೂರ್ಯನ ಅಂಚನ್ನು ಇಂದು ಕೃತಕ ಗ್ರಹಣ ಮಾಡಿಕೊಂಡು ದಿನವೂ ನೋಡುತ್ತಿದ್ದಾರೆ.

ಇಷ್ಟೆಲ್ಲ ಹೇಳಿದ್ದು ಚಪ್ಪಾಳೆಗಾಗಿ ಅಲ್ಲ. ಈಗ ನಮ್ಮ ಶಾಲೆಯ ವಿಷಯ.

ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸಲು ಹಿಂದೆಮುಂದೆ ನೋಡುವ ಕಾಲ ಇದು. ಪೇಟೆಯ ಶಾಲೆಯ ವ್ಯಾನು ಹಳ್ಳಿಯೊಳಗೇ ಬರುತ್ತದೆ. 'ಇಲ್ಲಿ ಏನಿದೆ?' ಎಂದು ಕೇಳುತ್ತಾರೆ. ಏನಿದೆ ಎಂದರೆ, ಬೆಂಗಳೂರಿನ ಯಾವ ಶಾಲೆಗೂ ಇಲ್ಲದ ಆಸ್ತಿಯೊಂದು ನಮಗಿದೆ. ಅದು ನಮ್ಮ ಕತ್ತಲು. ಮಳೆ ಬಿಟ್ಟ ಮೇಲೆ ಅಮಾವಾಸ್ಯೆಯ ರಾತ್ರಿ ಶಾಲೆಯ ಮೈದಾನದಲ್ಲಿ ನಿಂತರೆ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆ. ನಗರದ ಮಕ್ಕಳು ಅದನ್ನು ಚಿತ್ರದಲ್ಲಿ ನೋಡುತ್ತಾರೆ. ಇದೂ ಎಷ್ಟು ದಿನವೋ ಗೊತ್ತಿಲ್ಲ. ರೆಸಾರ್ಟು, ಹೋಂಸ್ಟೇಗಳ ಫ್ಲಡ್‌ಲೈಟು ಗುಡ್ಡದಿಂದ ಗುಡ್ಡಕ್ಕೆ ಬೀಳುತ್ತಿದೆ. ದೀಪ ಬೇಡ ಎನ್ನುವುದಿಲ್ಲ, ಆನೆ ಓಡಾಡುವ ಊರು ನಮ್ಮದು. ದೀಪದ ಮುಖ ಕೆಳಕ್ಕಿರಲಿ, ನೆಲ ಬೆಳಗಲಿ, ಆಕಾಶ ಬೇಡ ಎನ್ನುತ್ತೇನೆ.

ಹೆದರಿಕೆಯೂ ಇನ್ನೂ ಹೋಗಿಲ್ಲ. 1980ರ ಫೆಬ್ರವರಿ 16ರ ಗ್ರಹಣ ಅಂಕೋಲಾದಿಂದ ರಾಯಚೂರಿನವರೆಗೆ ನಮ್ಮ ನಾಡನ್ನು ದಾಟಿದಾಗ ಎಷ್ಟೋ ಊರುಗಳ ಬೀದಿಗಳಲ್ಲಿ ಜನವೇ ಇರಲಿಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ಘಟ್ಟದ ಕೆಳಗೆ ಮಂಗಳೂರು, ಕಾಸರಗೋಡಿನಲ್ಲಿ ಸೂರ್ಯ ಬಳೆಯಂತೆ ಕಂಡ, ನಮ್ಮಲ್ಲಿ ತೆಳ್ಳನೆ ಕುಡುಗೋಲಿನಂತಾದ. ಆಗಲೂ ಬಾಗಿಲು ಹಾಕಿಕೊಂಡು ಕೂತ ಮನೆಗಳಿದ್ದವು. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡುವವರು ಮಾಡಲಿ, ನನ್ನ ತಕರಾರಿಲ್ಲ. ಆದರೆ ಮಕ್ಕಳನ್ನು ಒಳಗೆ ಕೂಡಿಹಾಕಬೇಡಿ. ಬರಿಗಣ್ಣಿನಿಂದ ಸೂರ್ಯನನ್ನು ನೋಡಕೂಡದು, ಅದು ನಿಜ, ಕಣ್ಣು ಹೋಗುತ್ತದೆ. ಗ್ರಹಣದ ಕನ್ನಡಕ ಹಾಕಿ, ಇಲ್ಲವೇ ರಟ್ಟಿಗೆ ಸೂಜಿಯ ತೂತು ಮಾಡಿ ನೆಲದ ಮೇಲೆ ಬಿಂಬ ತೋರಿಸಿ. ಮುಂದೆ 2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಕಂಕಣ ಗ್ರಹಣ ಹಾದುಹೋಗುತ್ತದೆ, ನಮಗೆ ಪಾರ್ಶ್ವವಾಗಿ ಕಾಣುತ್ತದೆ. ಅಂದು ಈ ಮೈದಾನ ತುಂಬಿರಬೇಕು.

ಕೊನೆಯದಾಗಿ ಎರಡು ಕೆಲಸ ಸೂಚಿಸುತ್ತೇನೆ. ಎರಡಕ್ಕೂ ದುಡ್ಡು ಬೇಡ.

ಮೊದಲನೆಯದು, ಮೈದಾನದಲ್ಲಿ ಒಂದು ಮೀಟರ್ ಎತ್ತರದ ನೇರವಾದ ಕಂಬ. ಹಳೆಯ ಗ್ರಂಥಗಳಲ್ಲಿ ಇದನ್ನೇ ಶಂಕು ಎಂದಿದ್ದಾರೆ. ವರ್ಷದಲ್ಲಿ ಎರಡು ದಿನ ಸೂರ್ಯ ನಮ್ಮ ನೆತ್ತಿಯ ಮೇಲೆ ನಿಲ್ಲುತ್ತಾನೆ. ಏಪ್ರಿಲ್ 24, 25ರ ಆಸುಪಾಸು ಒಂದು, ಆಗಸ್ಟ್ ಮಧ್ಯದ ನಂತರ ಇನ್ನೊಂದು. ಆಗಸ್ಟಿನದು ಮೋಡದಲ್ಲಿ ಮುಚ್ಚಿಹೋಗುತ್ತದೆ. ಏಪ್ರಿಲ್‌ನದು ಸಾಮಾನ್ಯವಾಗಿ ಕೈಗೆ ಸಿಗುತ್ತದೆ. ಅಂದು ಗಡಿಯಾರದ ಹನ್ನೆರಡೂ ಇಪ್ಪತ್ತೈದರ ಸುಮಾರಿಗೆ ಕಂಬದ ನೆರಳು ಮಾಯವಾಗುತ್ತದೆ. ಅದೇ ದಿನ, ಅವರ ನಡುಹಗಲಿನ ಹೊತ್ತಿಗೆ, ಬಾಗಲಕೋಟೆಯ ಒಂದು ಶಾಲೆಯ ಮಕ್ಕಳು ಅಷ್ಟೇ ಎತ್ತರದ ಕಂಬ ನಿಲ್ಲಿಸಲಿ. ಅವರಿಗೆ ಐದೂವರೆಯಿಂದ ಆರು ಸೆಂಟಿಮೀಟರ್ ನೆರಳು ಸಿಗುತ್ತದೆ, ಅಂದರೆ ಮೂರೂಕಾಲು ಡಿಗ್ರಿಯಷ್ಟು ಕೋನ. ಇಲ್ಲಿಗೂ ಅಲ್ಲಿಗೂ ದಕ್ಷಿಣೋತ್ತರ ದೂರ ಸುಮಾರು 360 ಕಿಲೋಮೀಟರ್. ಮೂರೂಕಾಲು ಡಿಗ್ರಿಗೆ 360 ಕಿಲೋಮೀಟರ್ ಆದರೆ 360 ಡಿಗ್ರಿಗೆ ಎಷ್ಟು? ಎಂಟನೇ ತರಗತಿಯ ಲೆಕ್ಕ. ಸುಮಾರು 40 ಸಾವಿರ ಕಿಲೋಮೀಟರ್ ಬರುತ್ತದೆ. ಭೂಮಿಯ ಸುತ್ತಳತೆ ಅದೇ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಈಜಿಪ್ಟಿನಲ್ಲಿ ಎರಟೊಸ್ತನೀಸ್ ಅಳೆದದ್ದು ಇದೇ ಉಪಾಯದಿಂದ. ಕೇತಕರ ಮೇಷ್ಟ್ರ ಊರಿನ ಮಕ್ಕಳೂ ನಮ್ಮ ಮಕ್ಕಳೂ ಸೇರಿ ಭೂಮಿಯನ್ನು ಅಳೆಯಲಿ.

ಎರಡನೆಯದು, ಒಂದು ದಪ್ಪ ರಿಜಿಸ್ಟರ್. ಹಾಜರಿ ಪುಸ್ತಕದಂತೆಯೇ ಇರಲಿ. ಆ ದಿನ ಬಿದ್ದ ಮಳೆ ಎಷ್ಟು, ಪಂಚಾಂಗದ ಪ್ರಕಾರ ಯಾವ ನಕ್ಷತ್ರ, ಕಂಬದ ನೆರಳು ಎಷ್ಟು, ಆಕಾಶ ತೆರವಿತ್ತೋ ಮೋಡವಿತ್ತೋ, ಬೆಳ್ಳಿಚುಕ್ಕಿ ಬೆಳಿಗ್ಗೆ ಕಂಡಿತೋ ಸಂಜೆಯೋ, ಕಾಫಿ ಹೂ ಯಾವ ದಿನ ಅರಳಿತು. ದಿನಕ್ಕೆ ಒಂದು ಸಾಲು, ಬರೆದ ಮಗುವಿನ ಸಹಿ. ಕಾಣದಿದ್ದರೆ 'ಕಾಣಲಿಲ್ಲ' ಎಂದೇ ಬರೆಯಬೇಕು. ಊಹಿಸಿ ಬರೆದ ಒಂದು ಸಾಲು ನೂರು ನಿಜವಾದ ಸಾಲುಗಳನ್ನು ಕೆಡಿಸುತ್ತದೆ. ರಿಜಿಸ್ಟರನ್ನೂ ಮಳೆಮಾಪಕವನ್ನೂ ನಾವು ಹಳೆಯ ವಿದ್ಯಾರ್ಥಿಗಳು ಕೊಡಿಸುತ್ತೇವೆ. ತೋಟದವರು ತಮ್ಮ ಹಳೆಯ ಮಳೆ ಪುಸ್ತಕಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಶಾಲೆಗೆ ತಂದುಕೊಡಿ, ಮಕ್ಕಳು ನಕಲು ಮಾಡಿಕೊಳ್ಳಲಿ.

ಹತ್ತು ವರ್ಷ ಬರೆದರೆ ಅದೊಂದು ಹವ್ಯಾಸ. ಐವತ್ತು ವರ್ಷ ಬರೆದರೆ ನಮ್ಮ ಘಟ್ಟದ ಮಳೆ ಹೇಗೆ ಬದಲಾಯಿತು ಎಂದು ಕೇಳಿಕೊಂಡು ಬರುವವರಿಗೆ ತೋರಿಸಲು ಒಂದು ದಾಖಲೆ. ಅದಕ್ಕೆ ಶಾಲೆ ತೆರೆದಿರಬೇಕು, ಅದರೊಳಗೆ ಮಕ್ಕಳಿರಬೇಕು. ಅದು ಊರಿನವರಾದ ನಿಮ್ಮ ಕೈಯಲ್ಲಿದೆ. ಶಾಲೆಯ ನೂರನೇ ವರ್ಷದ ಸಮಾರಂಭಕ್ಕೆ ನಾನಂತೂ ಇರುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳೇ, ನೀವು ಇರುತ್ತೀರಿ. ಆ ದಿನ ಯಾರಾದರೂ ಮೊದಲನೇ ಪುಟ ತೆಗೆದು ನೋಡಿದರೆ ನಿಮ್ಮ ಸಹಿ ಅಲ್ಲಿರಲಿ.